ಹಳ್ಳದ ಕಲ್ಲಿನ ಮೇಲೆ ಕಾಲು ಬೀಸೋ ಕಪ್ಪೆ

ಕೊಟ್ಟಿಗೆಹಾರ ಅಂದ್ರೆ ಬಹಳ ಜನಕ್ಕೆ ನೆನಪಾಗೋದು ನೀರುದೋಸೆ, ಮಂಜು, ಚಾರ್ಮಾಡಿ ಘಾಟಿ ಇಳಿಯೋಕೆ ಮುಂಚೆ ಗಾಡಿ ನಿಲ್ಸಿ ಕಾಫಿ ಕುಡಿಯೋ ಜಾಗ. ಆ ಊರಿನ ಹೆಸರು ಹೊತ್ಕೊಂಡಿರೋ ಒಂದು ಕಪ್ಪೆ ಇದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಅಂತ. ಅಲ್ಲಿಂದ ಜೀಪಲ್ಲಿ ಅರ್ಧ ಗಂಟೆ ದೂರದ ತೋಟದಲ್ಲಿ ಹುಟ್ಟಿ ಬೆಳೆದ ನಂಗೆ ಆ ಹೆಸರು ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಆದ್ರೆ ಕಪ್ಪೆ ಮಾತ್ರ ಚಿಕ್ಕವನಿದ್ದಾಗಿಂದ ಗೊತ್ತು. ನಮ್ಮ ತೋಟದ ಕೆಳಗೆ ಹಳ್ಳ ಇದೆ, ಅದರ ಮೇಲ್ಗಡೆ ಬಿಸಿಲು ಬೀಳದ ಒಂದು ಜಾಗ, ಅಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಕೂತಿರೋದು. ಹೆಬ್ಬೆರಳಿನ ತುದಿಗಿಂತ ಸ್ವಲ್ಪ ದೊಡ್ಡದು, ಒಣಗಿದ ಎಲೆ ಬಣ್ಣ, ಅಲುಗಾಡದೆ ಇದ್ರೆ ಪಕ್ಕದಲ್ಲೇ ನಿಂತ್ರೂ ಕಾಣಲ್ಲ. ಅಲುಗಾಡಿದ್ರೆ ಮಾತ್ರ ಒಂದು ಸಲ ನೋಡಿದವರು ಮರೆಯಲ್ಲ.

ಯಾಕಂದ್ರೆ ಅದು ಕಾಲು ಬೀಸತ್ತೆ. ಸುಮ್ನೆ ಕೂತಿರೋ ಕಪ್ಪೆ ಇದ್ದಕ್ಕಿದ್ದ ಹಾಗೆ ಒಂದು ಹಿಂಗಾಲನ್ನ ಪೂರ್ತಿ ಹಿಂದಕ್ಕೆ ಚಾಚಿ, ಬೆರಳೆಲ್ಲ ಅಗಲಿಸಿ, ಬೆರಳ ಮಧ್ಯದ ಪೊರೆ ಫಳಕ್ ಅನ್ನೋ ಹಾಗೆ ಗಾಳೀಲಿ ಒಂದು ಸುತ್ತು ತಿರುಗಿಸಿ ವಾಪಸ್ ಮಡಚಿಕೊಳ್ಳತ್ತೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಾಲು. ಎದುರಿನ ಕಲ್ಲಿನ ಮೇಲಿರೋದು ಅದಕ್ಕೆ ಉತ್ತರ ಕೊಡತ್ತೆ. ಇದನ್ನ ನೋಡಿನೇ ಈ ಗುಂಪಿಗೆ ಡ್ಯಾನ್ಸಿಂಗ್ ಫ್ರಾಗ್ಸ್, ಕುಣಿಯೋ ಕಪ್ಪೆ ಅಂತ ಹೆಸರು ಬಿದ್ದಿದ್ದು. ನಾನೂ ಬಹಳ ವರ್ಷ ಇದು ಹೆಣ್ಣನ್ನ ಕರೆಯೋಕೆ ಮಾಡೋ ಕುಣಿತ ಅಂತಲೇ ಅಂದ್ಕೊಂಡಿದ್ದೆ, ಆದ್ರೆ ಸಂಶೋಧಕರು ಗಂಟೆಗಟ್ಲೆ ಕೂತು ವಿಡಿಯೋ ಮಾಡಿ ನೋಡಿದಾಗ ಗೊತ್ತಾಗಿದ್ದು, ಹೆಚ್ಚಾಗಿ ಇದು ಗಂಡು ಗಂಡಿನ ಮಧ್ಯದ ಮಾತು. ಈ ಕಲ್ಲು ನಂದು, ನೀನು ಆ ಕಡೆ ಇರು ಅನ್ನೋದು. ಮೊದ್ಲು ಕೂಗತ್ತೆ, ಆಗ ಗಂಟಲ ಚೀಲ ಬೆಳ್ಳಗೆ ಉಬ್ಬತ್ತೆ, ಆಮೇಲೆ ಕಾಲನ್ನ ಟಪಟಪ ಅಂತ ತಟ್ಟತ್ತೆ, ಆಮೇಲೆ ಬೀಸತ್ತೆ, ಅಷ್ಟಕ್ಕೂ ಕೇಳದೆ ಹತ್ರ ಬಂದ್ರೆ ನಿಜವಾಗ್ಲೂ ಒದೆಯತ್ತೆ. ಮುಂಚೆ ಬರೀ ಒದೆತ ಇದ್ದಿದ್ದು ಕಾಲಕ್ರಮೇಣ ದೂರದಿಂದಲೇ ತೋರಿಸೋ ಸನ್ನೆಯಾಗಿ ಬೆಳೆದಿರಬೇಕು ಅಂತ ಅವರ ಊಹೆ. ನಂಗಂತೂ ಇದು ಕುಣಿತಕ್ಕಿಂತ ದೊಡ್ಡ ವಿಷಯ ಅನ್ಸತ್ತೆ, ರಕ್ತ ಹರಿಯದೆ ಗಡಿ ಜಗಳ ಮುಗಿಸೋಕೆ ಈ ಪುಟ್ಟ ಜೀವ ಒಂದು ದಾರಿ ಕಂಡುಕೊಂಡಿದೆಯಲ್ಲ.

ಬರೀ ಕೂಗಿದ್ರೆ ಯಾಕೆ ಸಾಲಲ್ಲ ಅಂದ್ರೆ ಹಳ್ಳದ ಸದ್ದು. ಹರಿಯೋ ನೀರಿನ ಪಕ್ಕ ನಿಂತು ನಾವು ಮಾತಾಡೋಕೇ ಗಂಟಲು ಏರಿಸ್ಬೇಕು, ಎರಡೂವರೆ ಸೆಂಟಿಮೀಟರಿನ ಕಪ್ಪೆ ಧ್ವನಿ ಎಷ್ಟು ದೂರ ಹೋಗತ್ತೆ? ಅದಕ್ಕೇ ಕಣ್ಣಿಗೆ ಕಾಣೋ ಸನ್ನೆ, ಅದೂ ಬಹುಪಾಲು ಕಪ್ಪೆಗಳ ಹಾಗೆ ರಾತ್ರಿ ಅಲ್ಲ, ಹಗಲು ಹೊತ್ತಲ್ಲೇ. ಅಂದ್ರೆ ಇದು ಹಳ್ಳದ ಸದ್ದಿಗೇ ಹೊಂದಿಕೊಂಡು ರೂಪುಗೊಂಡ ಜೀವ. ಹಳ್ಳ ಇಲ್ಲದೆ ಈ ಕಪ್ಪೆ ಇಲ್ಲ, ಕೆರೆಯಲ್ಲಿ, ಗದ್ದೆಯಲ್ಲಿ, ತೊಟ್ಟಿಯಲ್ಲಿ ಎಲ್ಲೂ ಬದುಕಲ್ಲ. ಈ ಮಾತು ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಇದನ್ನ ಇಲ್ಲಿಂದ ಎತ್ತಿ ಬೇರೆ ಕಡೆ ಬಿಟ್ರೆ ಆಯ್ತಲ್ಲ ಅಂತ ನಮ್ಮ ಮನೆಯಲ್ಲೇ ಒಬ್ರು ಕೇಳಿದ್ರು.

ಈ ಕಪ್ಪೆಗೆ ವಿಜ್ಞಾನದ ಹೆಸರು ಸಿಕ್ಕಿದ್ದು 1937ರಲ್ಲಿ. ಕೊಟ್ಟವರು ಸಿ.ಆರ್. ನಾರಾಯಣ ರಾವ್, ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡ್ತಿದ್ದವರು, ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು. ಆಗಿನ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯ (ಈಗಿನ ಚಿಕ್ಕಮಗಳೂರು) ಕೊಟ್ಟಿಗೆಹಾರ, ಆಮೇಲೆ ಕೆಂಪುಹೊಳೆ ಅಂತ ಮಲೆನಾಡಿನ ಬೇರೆ ಬೇರೆ ಕಡೆಯ ಕಪ್ಪೆ ಸೇರಿಸಿ, ಒಂದೊಂದನ್ನೂ ಅಳೆದು ಬರೆದಿಟ್ಟರು. ಆ ಕಾಲದಲ್ಲಿ ಕಪ್ಪೆ ಹಿಂದೆ ಬಿದ್ದ ಮೇಷ್ಟ್ರಿಗೆ ಜನ ಏನಂದಿರಬಹುದು ಅಂತ ಯೋಚ್ನೆ ಬರತ್ತೆ. ದುಃಖದ ವಿಷಯ ಅಂದ್ರೆ ಅವರು ಬಾಟಲಿಯಲ್ಲಿ ಜೋಪಾನ ಮಾಡಿಟ್ಟಿದ್ದ ಮೂಲ ಮಾದರಿ ಕಪ್ಪೆಗಳು ಆಮೇಲೆ ಕಳೆದೇ ಹೋದ್ವು. ಹೆಸರು ಉಳೀತು, ಬಾಟಲಿ ಉಳೀಲಿಲ್ಲ. ಹಾಗಾಗಿ ಮುಂದೆ ಬಂದವರಿಗೆ ಯಾವ ಕಪ್ಪೆ ಯಾವುದು ಅಂತ ಬಿಡಿಸೋಕೆ ಬಹಳ ಕಷ್ಟ ಆಯ್ತು. ಸಣ್ಣ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ರಾವೋರ್ಚೆಸ್ಟಿಸ್ ಅಂತ ಇವರ ಹೆಸರೇ ಇಟ್ರು, ಅಷ್ಟಾದ್ರೂ ಆಯ್ತು. 2014ರಲ್ಲಿ ಕಪ್ಪೆ ವಿಜ್ಞಾನಿ ಎಸ್.ಡಿ. ಬಿಜು ಮತ್ತೆ ಅವರ ತಂಡ ಈ ಕುಣಿಯೋ ಕಪ್ಪೆಗಳನ್ನೆಲ್ಲ ಮತ್ತೆ ಪರಿಶೀಲಿಸಿ ಒಂದೇ ಸಲ 14 ಹೊಸ ಪ್ರಭೇದ ಸೇರಿಸಿದ್ರು, ಒಟ್ಟು 24 ಆಯ್ತು. ಅಷ್ಟೂ ಪಶ್ಚಿಮ ಘಟ್ಟದಲ್ಲಿ ಮಾತ್ರ. ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲ.

ಇನ್ನು ಮೊಟ್ಟೆ ವಿಷಯಕ್ಕೆ ಬರ್ತೀನಿ, ನಿಜ ಹೇಳ್ಬೇಕಂದ್ರೆ ಈ ಬರಹ ಬರೀಬೇಕು ಅನ್ಸಿದ್ದೇ ಇದರಿಂದ. ಸಾಮಾನ್ಯವಾಗಿ ಕಪ್ಪೆ ಮೊಟ್ಟೆ ಅಂದ್ರೆ ನಿಂತ ನೀರಲ್ಲಿ ಲೋಳೆ ಲೋಳೆಯಾಗಿ ತೇಲೋದು ತಾನೇ ನಾವು ನೋಡಿರೋದು. ಈ ಕಪ್ಪೆ ಹಾಗಲ್ಲ. ಮಳೆಗಾಲದ ಅಬ್ಬರ ಇಳಿದು ಹಳ್ಳದ ನೀರು ತಿಳಿಯಾದ ಮೇಲೆ, ಹೆಚ್ಚುಕಮ್ಮಿ ಅಕ್ಟೋಬರಿಂದ ಮುಂದೆ, ಹೆಣ್ಣು ಕಪ್ಪೆ ಗಂಡನ್ನ ಬೆನ್ನ ಮೇಲೆ ಹೊತ್ಕೊಂಡು ಹಳ್ಳದ ಅಂಚಿನ ಕಡಿಮೆ ಆಳದ ನೀರಿಗೆ ಇಳಿಯತ್ತೆ, ಹಿಂಗಾಲಿಂದ ತಳದ ಮರಳು, ಸಣ್ಣ ಕಲ್ಲು ಕೆದರಿ ಗುಂಡಿ ಮಾಡತ್ತೆ, ಅದರಲ್ಲಿ ಮೊಟ್ಟೆ ಇಟ್ಟು ಅದೇ ಕಲ್ಲು ಮರಳಲ್ಲಿ ಮುಚ್ಚಿಬಿಡತ್ತೆ. ಕೆಲವೇ ನಿಮಿಷದ ಕೆಲಸ. ಆಮೇಲೆ ನೀವು ಬಂದು ನೋಡಿದ್ರೆ ಬರೀ ಹಳ್ಳದ ತಳ, ಏನೂ ಕಾಣಲ್ಲ. ಮರಿ ಆದ ಮೇಲೂ ಕಾಣಲ್ಲ. 2016ರಲ್ಲಿ ಕೇರಳದ ಹಳ್ಳಗಳಲ್ಲಿ ಇದೇ ಕುಲದ ಇನ್ನೊಂದು ಕಪ್ಪೆಯ ಗೊದಮೊಟ್ಟೆನ ಮೊದಲ ಸಲ ಸರಿಯಾಗಿ ಹುಡುಕಿ ವಿವರಿಸಿದ್ರು, ಅಲ್ಲಿವರೆಗೂ ಈ ಕುಟುಂಬದ ಮರಿಗಳು ಎಲ್ಲಿರತ್ತೆ ಅಂತ್ಲೇ ತಿಳಿದಿರ್ಲಿಲ್ಲ, ಅವು ಮರಳಿನ ಒಳಗೆ ಇದ್ವು. ಹಾವುಮೀನಿನ ಹಾಗೆ ಉದ್ದ ಮೈ, ಕಣ್ಣಿನ ಮೇಲೆ ಚರ್ಮದ ಪದರ, ಗೊದಮೊಟ್ಟೆಗೆ ಅಪರೂಪವಾದ ಪಕ್ಕೆಲುಬು ಬೇರೆ, ಹೊಟ್ಟೆ ತುಂಬ ಮರಳು. ಕತ್ತಲೆಯಲ್ಲಿ ಕಲ್ಲುಗಳ ಸಂದಿಯಲ್ಲಿ ತೂರ್ಕೊಂಡು ಅಲ್ಲಿ ಕೊಳೆತು ಬಿದ್ದಿದ್ದನ್ನ ಮರಳು ಸಮೇತ ತಿಂದು ದೊಡ್ಡದಾಗೋದು.

ಇದನ್ನ ಓದಿದ ದಿನ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. ಯಾಕಂದ್ರೆ ಅಕ್ಟೋಬರಿಂದ ಜನವರಿ ಅಂದ್ರೆ ನಮ್ಮ ಕಡೆ ಏನು ಕಾಲ ಅಂತ ಕಾಫಿ ತೋಟದವರಿಗೆ ಹೇಳ್ಬೇಕಾಗಿಲ್ಲ. ಅರೇಬಿಕಾ ಹಣ್ಣು ಕುಯ್ಯೋ ಕಾಲ, ಪಲ್ಪರ್ ಓಡೋ ಕಾಲ. ಹಣ್ಣಿನ ಸಿಪ್ಪೆ ತೆಗೆದು ಲೋಳೆ ತೊಳೆದ ನೀರು, ಹುಳಿ ಬಂದು ಘಾಟು ಹೊಡೆಯೋ ಆ ಕಂದು ನೀರು, ನಮ್ಮ ತೋಟದಿಂದ ಎಲ್ಲಿಗೆ ಹೋಗ್ತಿತ್ತು? ಹಳ್ಳಕ್ಕೆ. ನಮ್ಮಜ್ಜನ ಕಾಲದಿಂದ ಹಳ್ಳಕ್ಕೇ. ಆ ನೀರು ಸೇರಿದ್ರೆ ಹಳ್ಳದ ನೀರಲ್ಲಿರೋ ಆಮ್ಲಜನಕ ಎಲ್ಲ ಕೊಳೆಯೋದ್ರಲ್ಲೇ ಖರ್ಚಾಗಿ ಹೋಗತ್ತೆ, ಮೀನು ಬಾಯಿ ಬಿಟ್ಕೊಂಡು ಮೇಲೆ ಬರೋದನ್ನ ಚಿಕ್ಕವರಿದ್ದಾಗ ನಾವೇ ನೋಡಿದೀವಿ, ಬುಟ್ಟಿ ಹಿಡ್ಕೊಂಡು ಓಡಿದೀವಿ ಕೂಡ. ಮೀನು ಮೇಲಾದ್ರೂ ಬರತ್ತೆ. ಮರಳಿನ ಕೆಳಗೆ ಮುಚ್ಚಿಟ್ಟ ಮೊಟ್ಟೆ ಎಲ್ಲಿಗೆ ಹೋಗತ್ತೆ?

ಅಪ್ಪನ ಹತ್ರ ಈ ಮಾತು ತೆಗೆಯೋಕೆ ನಂಗೆ ಧೈರ್ಯ ಬರೋದಕ್ಕೆ ಒಂದು ವಾರ ಹಿಡೀತು. ಪಲ್ಪರ್ ನೀರನ್ನ ಹಳ್ಳಕ್ಕೆ ಬಿಡದೆ ಗುಂಡೀಲಿ ನಿಲ್ಲಿಸೋಣ ಅಂತ ಊಟಕ್ಕೆ ಕೂತಾಗ ಹೇಳ್ದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ಕಪ್ಪೆಗೋಸ್ಕರ ಗುಂಡಿ ತೆಗೀಬೇಕಾ ಈಗ" ಅಂದ್ರು. ಸಿಟ್ಟಲ್ಲಿ ಅಲ್ಲ, ನಿಜವಾಗ್ಲೂ ಕೇಳಿದ್ದು. ನಾನು ಹೌದು ಅಂದೆ. ಅವತ್ತು ಅಷ್ಟೇ ಮಾತು. ಮುಂದಿನ ಕುಯ್ಲಿನೊಳಗೆ ಪಲ್ಪರ್ ಹೌಸ್ ಹಿಂದೆ ಗುಂಡಿ ಆಗಿತ್ತು, ಒಂದಲ್ಲ, ಸಾಲಾಗಿ ಮೂರು, ನೀರು ಒಂದರಲ್ಲಿ ತುಂಬಿ ಇನ್ನೊಂದಕ್ಕೆ ಇಳಿಯೋ ಹಾಗೆ. ಅಪ್ಪನೇ ನಿಂತು ಮಾಡಿಸಿದ್ದು. ನಂಗೆ ಒಂದು ಮಾತೂ ಹೇಳಿರ್ಲಿಲ್ಲ.

ನಮ್ಮ ಕಡೆಯವರಿಗೆ ಇದನ್ನ ಹೇಳೋದು ಯಾರನ್ನೂ ಬೈಯೋಕಲ್ಲ. ಪರಿಸರದವರು ಅಂದ್ರೆ ಮಲೆನಾಡಲ್ಲಿ ಜನ ಮುಖ ತಿರುಗಿಸ್ತಾರೆ, ಅದಕ್ಕೆ ಕಾರಣನೂ ಇದೆ. ಪಶ್ಚಿಮ ಘಟ್ಟದ ರಕ್ಷಣೆಗೆ ಅಂತ 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ, ಅಲ್ಲಿಂದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸೋ ಕೇಂದ್ರದ ಕರಡು ಅಧಿಸೂಚನೆ ಒಂದಾದ ಮೇಲೊಂದು, 2024ರ ಜುಲೈ ಕೊನೇಲಿ ಬಂದಿದ್ದು ಆರನೇದು, ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, ಸೆಪ್ಟೆಂಬರಲ್ಲಿ ರಾಜ್ಯ ಸಂಪುಟ ಬೇಡ ಅಂತ ತೀರ್ಮಾನ ಮಾಡ್ತು. ಈ ಹತ್ತು ಹನ್ನೆರಡು ವರ್ಷ ನಮ್ಮೂರಲ್ಲಿ ಎಷ್ಟು ಪ್ರತಿಭಟನೆ, ಎಷ್ಟು ಭಯ, ಮನೆಗೆ ಹೆಂಚು ಹೊದಿಸೋಕೂ ಬಿಡಲ್ವಂತೆ, ತೋಟ ಬಿಟ್ಟು ಹೋಗ್ಬೇಕಂತೆ ಅಂತ. ಗ್ರಾಮಸಭೆಗಳ ಮುಂದೆ ಇಟ್ಟು ಜನರ ಜೊತೆ ಮಾತಾಡಿ ತೀರ್ಮಾನ ಮಾಡಿ ಅಂತ ಗಾಡ್ಗೀಳ್ ವರದಿಯಲ್ಲೇ ಇತ್ತು, ಆ ಕೆಲಸ ಮಾತ್ರ ಯಾರೂ ಮಾಡ್ಲಿಲ್ಲ. ಹಾಗಾಗಿ ಜಗಳ ಎಲ್ಲ ಮ್ಯಾಪಿನ ಮೇಲೆ, ಸರ್ವೆ ನಂಬರಿನ ಮೇಲೆ ನಡೀತು. ಹಳ್ಳದ ಬಗ್ಗೆ ಒಂದು ಮಾತು ಬರ್ಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ವರದಿ ಬರ್ಲಿ ಬಿಡ್ಲಿ, ಹಳ್ಳದ ಎರಡೂ ದಂಡೆಯ ಮರ ನಮ್ಮ ಕೈಯಲ್ಲೇ ಇದೆ, ಅದಕ್ಕೆ ದೆಹಲಿಯಿಂದ ಕಾಗದ ಬರಬೇಕಾಗಿಲ್ಲ.

ಮರ ಅಂದೆ. ಈ ಕಪ್ಪೆಗೆ ನೀರಿನಷ್ಟೇ ಮುಖ್ಯ ನೆರಳು. ಚರ್ಮದಿಂದಲೂ ಉಸಿರಾಡೋ ಜೀವ, ಚರ್ಮ ಯಾವಾಗ್ಲೂ ಒದ್ದೆ ಇರ್ಬೇಕು, ಹಗಲು ಹೊತ್ತು ಕಲ್ಲಿನ ಮೇಲೆ ಕೂರ್ಬೇಕು. ಮೇಲೆ ಮರ ಇದ್ರೆ ಕಲ್ಲು ತಣ್ಣಗಿರತ್ತೆ, ಪಾಚಿ ಇರತ್ತೆ. ನಮ್ಮ ತೋಟಗಳಲ್ಲಿ ಮರಗಸಿ ಮಾಡೋದು, ಅಂದ್ರೆ ಕೊಂಬೆ ಕಡಿದು ನೆರಳು ಕಮ್ಮಿ ಮಾಡೋದು, ಮೊದಲಿಂದ ಇದೆ, ಅದು ತಪ್ಪಲ್ಲ, ಕಾಫಿಗೆ ಬೆಳಕು ಬೇಕು. ಆದ್ರೆ ಮುಂಚೆ ಹಳ್ಳದ ಅಂಚಿಗೆ ಬಂದಾಗ ಕತ್ತಿ ನಿಲ್ತಿತ್ತು, ಆ ಅಂಚಲ್ಲಿ ದೊಡ್ಡ ದೊಡ್ಡ ಕಾಡುಮರ, ಬೆತ್ತ, ವಾಟೆ ಹಾಗೇ ಬಿಟ್ಟಿರ್ತಿದ್ರು, ಇಂಬಳದ ಕಾಟಕ್ಕೆ ಆಳುಗಳೂ ಅಲ್ಲಿಗೆ ಹೋಗೋಕೆ ಒಪ್ತಿರ್ಲಿಲ್ಲ. ಈಗ ಆ ಅಂಚಿನವರೆಗೂ ಸಿಲ್ವರ್ ಓಕ್ ಮರ ಬಂದಿದೆ. ನೇರ ಬೆಳೆಯತ್ತೆ, ಮೆಣಸು ಹಬ್ಬಿಸ್ಬಹುದು, ಕಡಿದು ಮಾರೋದು ಸುಲಭ, ಎಲ್ಲಾ ಸರಿ, ಆದ್ರೆ ಅದರ ನೆರಳಲ್ಲಿ ಆ ತಂಪಿಲ್ಲ. ಬಿಸಿಲು ನೇರ ಹಳ್ಳಕ್ಕೆ ಬಿದ್ರೆ ಮೊದಲು ಹೋಗೋದು ಪಾಚಿ, ಆಮೇಲೆ ಈ ಕಪ್ಪೆ.

ಶೃಂಗೇರಿಗೆ ಹೋದವರು ತುಂಗೆ ದಂಡೆಯಲ್ಲಿ ಕಪ್ಪೆ ಶಂಕರ ಅನ್ನೋ ಶಿಲ್ಪ ನೋಡಿರ್ತೀರ. ಹೆರಿಗೆ ನೋವಲ್ಲಿದ್ದ ಕಪ್ಪೆಗೆ ಬಿಸಿಲು ಬೀಳಬಾರ್ದು ಅಂತ ಸರ್ಪವೇ ಹೆಡೆ ಬಿಚ್ಚಿ ನೆರಳು ಹಿಡೀತು, ಅದನ್ನ ನೋಡಿ ಶಂಕರಾಚಾರ್ಯರು ಇದು ಮಠಕ್ಕೆ ಯೋಗ್ಯ ಜಾಗ ಅಂದ್ರು ಅಂತ ಕಥೆ. ಚಿಕ್ಕವನಿದ್ದಾಗ ಅಜ್ಜಿ ಕೈ ಹಿಡ್ಕೊಂಡು ಅದರ ಮುಂದೆ ಎಷ್ಟೋ ಸಲ ನಿಂತಿದೀನಿ, ಅಜ್ಜಿ ಪ್ರತಿ ಸಲ ಹಾವಿನ ಬಗ್ಗೆನೇ ಹೇಳೋರು. ಈಗ ಅಲ್ಲಿ ಹೋದಾಗ ನನ್ನ ಕಣ್ಣು ಕಪ್ಪೆ ಮೇಲೆ ಹೋಗತ್ತೆ. ಮೊಟ್ಟೆ ಇಡೋ ಹೊತ್ತಲ್ಲಿ ಕಪ್ಪೆಗೆ ಬೇಕಾಗಿದ್ದು ನೆರಳು ಅಂತ ನಮ್ಮ ಹಿರೀಕರಿಗೆ ಗೊತ್ತಿತ್ತು ಅನ್ಸತ್ತೆ.

ಲೆಕ್ಕ ಕೇಳೋರಿಗೆ ಇದು. 2023ರಲ್ಲಿ ಜಗತ್ತಿನ 8,011 ಉಭಯವಾಸಿಗಳ ಸ್ಥಿತಿಗತಿ ನೋಡಿ ಬಂದ ಎರಡನೇ ಜಾಗತಿಕ ಮೌಲ್ಯಮಾಪನದ ಪ್ರಕಾರ ಶೇ. 41ರಷ್ಟು ಅಳಿವಿನ ಅಪಾಯದಲ್ಲಿವೆ, ಹಕ್ಕಿ, ಸಸ್ತನಿ, ಸರೀಸೃಪ ಎಲ್ಲಕ್ಕಿಂತ ಜಾಸ್ತಿ. ಕುಣಿಯೋ ಕಪ್ಪೆಗಳ ಕುಲದಲ್ಲಿ ಅದು ಶೇ. 92, ಜಗತ್ತಿನಲ್ಲೇ ಅತಿ ಅಪಾಯದಲ್ಲಿರೋ ಉಭಯವಾಸಿ ಕುಲಗಳಲ್ಲಿ ಐದನೇ ಸ್ಥಾನ, ಭಾರತದಲ್ಲಿ ಮೊದಲನೇದು. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೆರಡು ಅಂತ ಲೆಕ್ಕ ಹಾಕ್ಕೊಳ್ಳಿ. ಹುಲಿಗೆ, ಆನೆಗೆ, ಸಿಂಗಳೀಕಕ್ಕೆ ಪೋಸ್ಟರ್ ಇದೆ, ಮಕ್ಕಳು ಶಾಲೆಯಲ್ಲಿ ಚಿತ್ರ ಬರೀತಾರೆ. ಕೊಟ್ಟಿಗೆಹಾರದ ಸ್ಕೂಲಲ್ಲಾದ್ರೂ ಈ ಕಪ್ಪೆ ಚಿತ್ರ ಗೋಡೆ ಮೇಲೆ ಬರೆಸ್ಬೇಕು ಅಂತ ನನ್ನ ಆಸೆ.

ಹವಾಮಾನ ಒಂದು ದೊಡ್ಡ ಕಾರಣ. ನಮಗೆ ಹಳ್ಳಿಯವರಿಗೆ ಇದನ್ನ ಯಾರೂ ಪಾಠ ಮಾಡ್ಬೇಕಾಗಿಲ್ಲ. 2019ರ ಆಗಸ್ಟಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜಾರಿ, ಚಾರ್ಮಾಡಿ ಬಂದ್ ಆಗಿ, ಹಳ್ಳಗಳು ಕೆಂಪು ಮಣ್ಣು ಹೊತ್ಕೊಂಡು ಹರಿದಿದ್ದು ಎಲ್ರೂ ನೋಡಿದೀವಿ. ಆ ಮಣ್ಣು ಕೂತ್ಕೊಂಡಿದ್ದು ಎಲ್ಲಿ? ಕಲ್ಲಿನ ಸಂದಿಯಲ್ಲಿ, ಅಂದ್ರೆ ಮೊಟ್ಟೆ ಇಡೋ ಜಾಗದಲ್ಲಿ. 2023ರಲ್ಲಿ ಮಳೆಯೇ ಕೈ ಕೊಡ್ತು, ಡಿಸೆಂಬರಿಗೆ ಎಷ್ಟೋ ಕಡೆ ಹಳ್ಳ ಸಣ್ಣ ದಾರ ಆಗಿತ್ತು. ಮೊಟ್ಟೆ ಇಟ್ಟ ಅಂಚು ಮೊದಲು ಒಣಗೋದು, ಮಧ್ಯದಲ್ಲಿ ನೀರಿದ್ರೂ ಪ್ರಯೋಜನ ಇಲ್ಲ. ಅದರ ಮೇಲೆ ಫೆಬ್ರವರಿ ಬಂತು ಅಂದ್ರೆ ಕಾಫಿ ಹೂ ಅರಳೋಕೆ ಬೇಕಾದ ನೀರಿಗೆ ಅಂತ ಹಳ್ಳಕ್ಕೆ ಗುಂಡಿ ತೋಡಿ ಮೋಟರ್ ಇಳಿಸಿ ಸ್ಪ್ರಿಂಕ್ಲರ್ ಓಡಿಸ್ತೀವಿ, ನಾವೂ ಓಡಿಸ್ತೀವಿ, ಒಂದು ಸಲ ಹೂ ಹೋದ್ರೆ ವರ್ಷದ ಬೆಳೆ ಹೋಯ್ತು ಅನ್ನೋದು ನಂಗೂ ಗೊತ್ತು. ಮಳೆಗಾಲದಲ್ಲಿ ಕೆರೆ ತುಂಬಿಸಿಕೊಂಡು ಅದರಿಂದ ಎತ್ತೋದು, ಹಳ್ಳದ ಹರಿವು ನಿಲ್ಲೋ ಹಂಗೆ ಎತ್ತದೆ ಇರೋದು, ಇಷ್ಟು ನಾವು ಅಕ್ಕಪಕ್ಕದ ತೋಟದವರು ಕೂತು ಮಾತಾಡ್ಕೊಂಡ್ರೆ ಆಗದೇ ಇರೋ ಕೆಲಸ ಅಲ್ಲ. ಮೈಲುತುತ್ತ ಹೊಡೆದ ಡ್ರಮ್ಮನ್ನ ಹಳ್ಳಕ್ಕೆ ತಂದು ತೊಳೆಯೋದು ನಿಲ್ಸೋಕಂತೂ ಒಂದು ಪೈಸೆ ಖರ್ಚಿಲ್ಲ. ತಾಮ್ರ ಗೊದಮೊಟ್ಟೆಗೆ ವಿಷ.

ಇದಕ್ಕಿಂತ ನಂಗೆ ಹೊಟ್ಟೆ ಉರಿಯೋದು ಜೀಪು. ಮೂರು ವರ್ಷದ ಹಿಂದೆ ನಮ್ಮ ಹಳ್ಳದ ಮೇಲ್ಭಾಗದಲ್ಲಿ ಒಂದು ಹೋಮ್‌ಸ್ಟೇಯಿಂದ ಆಫ್ ರೋಡ್ ಅಂತ ಶುರು ಮಾಡಿದ್ರು. ಹಳ್ಳದ ಒಳಗೇ, ನೀರಲ್ಲೇ, ಕಲ್ಲಿನ ಮೇಲೇ ಜೀಪ್ ಓಡಿಸೋದು, ಒಳಗಿದ್ದವರು ಕಿರುಚಿ ವಿಡಿಯೋ ಮಾಡೋದು. ನವೆಂಬರ್ ಡಿಸೆಂಬರ್ ರಜಾ ಸೀಸನ್, ವಾರಕ್ಕೆ ಎಷ್ಟು ಟ್ರಿಪ್ಪೋ. ಚಕ್ರ ಹೋಗ್ತಿದ್ದಿದ್ದು ಅದೇ ಅಂಚಿನ ಕಡಿಮೆ ನೀರಲ್ಲಿ, ಮಧ್ಯದಲ್ಲಿ ಆಳ ಇರತ್ತಲ್ಲ. ಆ ಮರಳಿನ ಕೆಳಗೆ ಏನಿದೆ ಅಂತ ಆ ಡ್ರೈವರ್ ಹುಡುಗನಿಗೆ ಗೊತ್ತಿಲ್ಲ, ಅವನ ಹೊಟ್ಟೆಪಾಡು ಅದು, ನಾನು ಅವನನ್ನ ದೂರಲ್ಲ. ಹೋಗಿ ಮಾಲೀಕರ ಹತ್ರ ಮಾತಾಡ್ದೆ. "ಕಪ್ಪೆ ನೋಡೋಕೆ ಯಾರು ಬರ್ತಾರೆ ಸಾರ್, ಜನ ಥ್ರಿಲ್ ಕೇಳ್ತಾರೆ" ಅಂದ್ರು. ಆ ಮಾತಿಗೆ ಏನು ಉತ್ತರ ಕೊಡ್ಬೇಕು ಅಂತ ಗೊತ್ತಾಗದೆ ವಾಪಸ್ ಬಂದೆ, ಬರೋ ದಾರೀಲಿ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಕಪ್ಪೆಯಿಂದ ಏನು ಉಪಯೋಗ ಅಂತ ಕೇಳೋರಿಗೆ ಸೊಳ್ಳೆ ತಿನ್ನತ್ತೆ, ನೀರು ಚೆನ್ನಾಗಿದೆಯಾ ಅಂತ ತೋರಿಸತ್ತೆ ಅಂತೆಲ್ಲ ಉತ್ತರ ಇದೆ, ಅದು ಸುಳ್ಳೂ ಅಲ್ಲ. ಆದ್ರೆ ಆ ಉತ್ತರ ಕೊಡೋಕೆ ನಂಗೀಗ ಮನಸ್ಸಿಲ್ಲ. ನಮ್ಮ ಉಪಯೋಗಕ್ಕೆ ಬಂದ್ರೆ ಮಾತ್ರ ಬದುಕೋ ಹಕ್ಕು ಅನ್ನೋದಾದ್ರೆ ಹಾಸಿಗೆ ಹಿಡಿದಿರೋ ನನ್ನ ಅಜ್ಜಿಯಿಂದ ಏನು ಉಪಯೋಗ ಅಂತ ಕೇಳಿದ ಹಾಗೇ ಆಗತ್ತೆ. ಈ ಹಳ್ಳಕ್ಕೆ ನಮ್ಮಜ್ಜ ಬರೋ ಎಷ್ಟೋ ಮುಂಚೆಯಿಂದ, ಇಲ್ಲಿ ಕಾಫಿ ಅನ್ನೋದು ಬರೋಕೂ ಮುಂಚೆಯಿಂದ ಅದು ಇಲ್ಲಿದೆ. ಜಾಗ ಯಾರದ್ದು ಅನ್ನೋದಾದ್ರೆ ಅದರ ಹಕ್ಕುಪತ್ರ ನಮ್ಮದಕ್ಕಿಂತ ಹಳೇದು.

ಇನ್ನೊಂದು ಮಾತು ನನ್ನ ತಲೇಲಿ ಕೊರೀತಾ ಇರತ್ತೆ, "ಸಮುದ್ರ ಸೇರಿ ವ್ಯರ್ಥವಾಗೋ ನೀರು" ಅನ್ನೋದು. ಎತ್ತಿನಹೊಳೆ ಯೋಜನೆ ಶುರುವಾದಾಗಿಂದ ಇದನ್ನ ಕೇಳಿ ಕೇಳಿ ಸಾಕಾಗಿದೆ. ಸಕಲೇಶಪುರ ಕಡೆಯ ಹಳ್ಳಗಳಿಂದ 24.01 ಟಿಎಂಸಿ ಎತ್ತಿ ಬಯಲುಸೀಮೆಗೆ ಕೊಡೋ ಯೋಜನೆ, 2014ರಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರಲ್ಲಿ ಮೊದಲ ಹಂತ ಚಾಲೂ ಮಾಡಿದ್ರು. ಕೋಲಾರ ಚಿಕ್ಕಬಳ್ಳಾಪುರದ ಜನಕ್ಕೆ ಕುಡಿಯೋ ನೀರು ಬೇಕು, ಅದನ್ನ ಬೇಡ ಅನ್ನೋ ಕಲ್ಲು ಮನಸ್ಸು ನಂದಲ್ಲ. ಆದ್ರೆ ಹಳ್ಳದಲ್ಲಿ ಹರಿಯೋ ನೀರು ವ್ಯರ್ಥ ಅನ್ನೋ ಮಾತನ್ನ ನಾನು ಒಪ್ಪಲ್ಲ. ಆ ನೀರು ಪ್ರತಿ ಕಲ್ಲನ್ನ ಒದ್ದೆ ಮಾಡ್ಕೊಂಡು, ಪ್ರತಿ ಮೊಟ್ಟೆಗೆ ಗಾಳಿ ಕೊಟ್ಕೊಂಡು ಹೋಗ್ತಿರತ್ತೆ, ಅದು ಮಾಡ್ತಿರೋ ಕೆಲಸ ನಮಗೆ ಕಾಣಲ್ಲ ಅಷ್ಟೇ.

ಹೋದ್ರೆ ಎಷ್ಟು ಬೇಗ ಹೋಗತ್ತೆ ಅನ್ನೋದಕ್ಕೆ ಕೋಸ್ಟರಿಕಾದ ಬಂಗಾರದ ಕಪ್ಪೆ ಕಥೆ ಓದಿ. ಮೊಂಟೆವರ್ಡೆ ಅನ್ನೋ ಬೆಟ್ಟದ ಮಂಜಿನ ಕಾಡಲ್ಲಿ ಮಾತ್ರ ಇದ್ದಿದ್ದು, ಗಂಡು ಕಿತ್ತಳೆ ಬಣ್ಣ. 1987ರಲ್ಲಿ ಒಂದೂವರೆ ಸಾವಿರದಷ್ಟು ಕಂಡಿದ್ವು. 1988ರಲ್ಲಿ ಹತ್ತು. 1989ರಲ್ಲಿ ಒಂದೇ ಒಂದು ಗಂಡು. ಆಮೇಲೆ ಯಾರಿಗೂ ಕಾಣ್ಲಿಲ್ಲ. ಅದು ಯಾರೂ ಮರ ಕಡಿಯದ ರಕ್ಷಿತ ಕಾಡು ಬೇರೆ. ಒಣಹವೆ, ಕಪ್ಪೆಗಳ ಚರ್ಮಕ್ಕೆ ಬರೋ ಶಿಲೀಂಧ್ರ ರೋಗ, ಕಾರಣದ ಬಗ್ಗೆ ಚರ್ಚೆ ಇವತ್ತಿಗೂ ನಡೀತಾ ಇದೆ, ಕಪ್ಪೆ ಮಾತ್ರ ಇಲ್ಲ. ಎರಡೇ ವರ್ಷ.

ಮೊನ್ನೆ ಭಾನುವಾರ ನಮ್ಮ ತೋಟದ ಮೇಸ್ತ್ರಿ ಜೊತೆ ಹಳ್ಳಕ್ಕೆ ಹೋಗಿದ್ದೆ. ಅವರಿಗೆ ಅರವತ್ತು ದಾಟಿದೆ, ನನ್ನನ್ನ ಎತ್ತಿ ಆಡಿಸಿದವರು. ಹೋಗಿ ಅರ್ಧ ಗಂಟೆ ಅಲ್ಲಾಡದೆ ಕೂತ್ವಿ, ಇಂಬಳ ಹತ್ತಿದ್ರೂ ಕೀಳ್ಲಿಲ್ಲ. ಮೊದ್ಲು ಕೂಗು ಕೇಳ್ತು, ಆಮೇಲೆ ದೊಡ್ಡ ಕಲ್ಲಿನ ಪಕ್ಕ ಒಂದು, ಅದರ ಎದುರಿಗೆ ಇನ್ನೊಂದು. ಎರಡೂ ಕಾಲು ಬೀಸ್ತಾ ಇದ್ವು. ನಾನು ಮೊಟ್ಟೆ ವಿಷಯ ಮೆಲ್ಲಗೆ ಹೇಳ್ದೆ. ಅವರು ನೀರಿನ ಅಂಚನ್ನೇ ನೋಡ್ತಾ, "ಅಣ್ಣಾ, ಹಂಗಾದ್ರೆ ನಾವು ದಿನಾ ದಾಟೋದು ಇದ್ರ ಮೇಲೇನಾ" ಅಂದ್ರು.

ವಾಪಸ್ ಬರುವಾಗ ಅವರು ಆ ದಾರಿ ಬಿಟ್ಟು ಮೇಲಿನ ಬಂಡೆ ಹತ್ತಿ ಬಂದ್ರು, ಮಂಡಿ ನೋವು ಇಟ್ಕೊಂಡು. ಮಂಗಳವಾರ ಹೋಗಿ ನೋಡಿದ್ರೆ ದಾಟೋ ಜಾಗದಲ್ಲಿ ಬಂಡೆಯಿಂದ ಬಂಡೆಗೆ ಎರಡು ಅಡಿಕೆ ಮರ ಸೀಳಿ ಸಂಕ ಹಾಕಿದ್ರು, ಆಳುಗಳಿಗೆಲ್ಲ ಇನ್ಮೇಲೆ ಹಣ್ಣು ಹೊತ್ಕೊಂಡು ಇದರ ಮೇಲೇ ಬರ್ಬೇಕು ಅಂತ ಹೇಳಿದಾರಂತೆ.